ಸೆನೋಬಿಯಾಳ ಮೆಣಸಿನ ಗಿಡಗಳು

ಬಸೀಲಿಯಾ ಕ್ಲಾರೋಸ್ ಹಲ್ಲು ಕೀಳಿಸಿಕೊಳ್ಳಲು ಕೋಚಬಾಂಬಾ ಪೇಟೆಗೆ ಹೋಗಿದ್ದಾಗ ಅವಳ ಅಣ್ಣ ಕಸಿಯಾನೊ ಅವಳ ಹಿತ್ತಿಲಿಗೆ ಹೊಕ್ಕು, ಅಲ್ಲಿದ್ದ ಒಂಬತ್ತು ಲೊಕೋಟೊ ಮೆಣಸಿನ ಗಿಡಗಳನ್ನೂ ಕತ್ತರಿಸಿ ಮೊಣಕಾಲುದ್ದಕ್ಕೆ ಇಳಿಸಿಬಿಟ್ಟ. ಕದ್ದುಮುಚ್ಚಿ ಅಲ್ಲ, ಹಾಡುಹಗಲಲ್ಲೇ. ಗೋಡೆಯ ಈಚೆ ನನ್ನ ಅಂಗಳದಲ್ಲಿ ನಾನು ಜೋಳ ಹರವುತ್ತಿದ್ದೆ. ಮೊದಲು ಏನೋ ಕಡಿಯುವ ಸದ್ದು ಕೇಳಿಸಿತು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಮಧ್ಯಾಹ್ನದವರೆಗೂ ಕತ್ತರಿಯ ಸದ್ದು. ಅವಳೇ ಹೇಳಿ ಹೋಗಿರಬೇಕು, ಅಂತೂ ಅಣ್ಣತಂಗಿ ಮಾತಿಗೆ ಬಂದರು ಎಂದುಕೊಂಡೆ.

ಅವರಿಬ್ಬರೂ ಮಾತು ಬಿಟ್ಟು ಐದು ವರ್ಷವಾಗಿತ್ತು. ತಾಯಿ ಸೆನೋಬಿಯಾ ತೀರಿಕೊಂಡಾಗ ಕಸಿಯಾನೊ ಕೆಳಗಿನ ಕಣಿವೆಯ ಪೀಚ್ ತೋಟಗಳಲ್ಲಿ ಕೆಲಸಕ್ಕಿದ್ದ. ಅವನು ಊರಿಗೆ ಬರುವ ಹೊತ್ತಿಗೆ ಮಣ್ಣಾಗಿ ಒಂಬತ್ತನೇ ದಿನದ ಪ್ರಾರ್ಥನೆಯೂ ಮುಗಿದಿತ್ತು. ನನಗೆ ಯಾರೂ ಹೇಳಿ ಕಳಿಸಲಿಲ್ಲ ಎಂದು ಅವನು, ನಾನು ಹೇಳಿ ಕಳಿಸಿದ್ದೆ ಎಂದು ಇವಳು. ಆಸ್ತಿ ಪಾಲಾಗುವಾಗ ಮನೆ, ಹಿತ್ತಿಲು, ಗಿಡಗಳು ತಾಯಿಯನ್ನು ನೋಡಿಕೊಂಡಿದ್ದ ಬಸೀಲಿಯಾಗೆ ಹೋದವು. ಮೇಲಿನ ಆಲೂಗಡ್ಡೆ ಹೊಲ, ಅದರ ಪಕ್ಕದ ಒಂಟಿ ಕೋಣೆ ಕಸಿಯಾನೊಗೆ. ಅಲ್ಲಿಂದ ಮುಂದೆ ರಸ್ತೆಯಲ್ಲಿ ಎದುರಾದರೂ ಒಬ್ಬರು ಬೆಟ್ಟ ನೋಡುತ್ತಿದ್ದರು, ಇನ್ನೊಬ್ಬರು ಹಳ್ಳ ನೋಡುತ್ತಿದ್ದರು.

ನಮ್ಮ ಬೆಟ್ಟದೂರು ತೋಲಾಪಾಂಪಾದ ಚಳಿಯಲ್ಲಿ ಬೇರೆ ಮೆಣಸಿನಕಾಯಿ ಬದುಕುವುದಿಲ್ಲ. ಬಯಲುಸೀಮೆಯ ಸಣ್ಣ ಕಾಯಿಯ ಬೀಜ ತಂದು ಹಾಕಿದವರುಂಟು. ಮೊಳಕೆ ಬರುತ್ತದೆ, ನಾಲ್ಕೆಲೆ ಬಿಟ್ಟು ಮುದುಡಿ ಕೂರುತ್ತದೆ. ಲೊಕೋಟೊ ಹಾಗಲ್ಲ. ಎಲೆಗೆ ನವಿರು ರೋಮ, ಹೂವು ನೇರಳೆ, ಕಾಯಿ ದುಂಡಗೆ ದಪ್ಪ ತಿರುಳಿನದು, ಒಳಗೆ ಕಪ್ಪು ಬೀಜ. ಮಧ್ಯಾಹ್ನ ಮೇಲೇರಿ ಬರುವ ಮೋಡದ ತಂಪೇ ಅದಕ್ಕೆ ಬೇಕು. ಬಿಳಿಮಂಜು ಬಿದ್ದು ಸುಡದಿದ್ದರೆ ಹತ್ತು ಹದಿನೈದು ವರ್ಷ ಮರದ ಹಾಗೆ ನಿಲ್ಲುತ್ತದೆ. ಸೆನೋಬಿಯಾಳ ಗಿಡಗಳು ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದವು. ಹಗಲು ಬಿಸಿಲು ಕುಡಿದ ಗೋಡೆ ಸಂಜೆ ಅವುಗಳಿಗೆ ಬೆಚ್ಚಗೆ ತಾಗುತ್ತಿತ್ತು.

ತಾಯಿ ಇದ್ದಾಗ ಪ್ರತಿ ಆಗಸ್ಟಿನಲ್ಲಿ, ನಮ್ಮಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ, ಅವಳೇ ಕೊಂಬೆ ಕತ್ತರಿಸಿ ಗಿಡ ಸವರುತ್ತಿದ್ದಳು. ಅವಳು ಹೋದ ಮೇಲೆ ಬಸೀಲಿಯಾ ಯಾರನ್ನೂ ಕತ್ತರಿ ಹಿಡಿದು ಹತ್ತಿರ ಬರಗೊಡಲಿಲ್ಲ, ತಾನೂ ಹಿಡಿಯಲಿಲ್ಲ. ಅಮ್ಮ ಹೇಗೆ ಬಿಟ್ಟು ಹೋಗಿದ್ದಾಳೋ ಹಾಗೇ ಇರಲಿ ಎನ್ನುತ್ತಿದ್ದಳು. ಗಿಡಗಳು ಗೋಡೆ ದಾಟಿ ನನ್ನ ಅಂಗಳಕ್ಕೆ ಬಾಗಿದವು. ಬುಡ ಬೋಳಾಯಿತು, ಕೊಂಬೆಗಳು ಒಂದಕ್ಕೊಂದು ಉಜ್ಜಿ ಸಿಪ್ಪೆ ಸುಲಿದುಕೊಂಡವು, ಕಾಯಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂತು. ರಸ್ತೆ ತಿರುವಿನಲ್ಲಿ ಅವಳದೊಂದು ಊಟದ ಮನೆ ಇದೆ. ಶೇಂಗಾ ಸಾರು, ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ಟೊಮೇಟೊ ಜೊತೆ ಕಲ್ಲಿನ ಮೇಲೆ ಅರೆದ ಲೊಕೋಟೊ ಚಟ್ನಿ. ಲಾರಿಯವರು ಸಾರಿಗಿಂತ ಚಟ್ನಿಗೇ ನಿಲ್ಲುತ್ತಿದ್ದರು. ಒಂದು ಬಟ್ಟಲು ಚಟ್ನಿಗೆ ಮೊದಲು ಎರಡು ಕಾಯಿ ಸಾಕಾಗುತ್ತಿತ್ತು, ಈಗ ಮುಷ್ಟಿ ತುಂಬ ಬೇಕಾಗುತ್ತಿತ್ತು. ಇದು ಕಸಿಯಾನೊಗೂ ಗೊತ್ತಿತ್ತು, ಯಾಕೆಂದರೆ ಊರಿಗೆಲ್ಲ ಗೊತ್ತಿತ್ತು.

ಬಸೀಲಿಯಾ ಮರುದಿನ ಲಾರಿಯಿಂದ ಇಳಿದಾಗ ಕೆನ್ನೆ ಊದಿ ಬನ್ನಿನಂತಾಗಿತ್ತು, ಬಾಯಿ ತುಂಬ ಹತ್ತಿ. ಹಿತ್ತಿಲ ಬಾಗಿಲು ತೆರೆದವಳು ಅಲ್ಲೇ ನಿಂತಳು. ಬೇರೆ ದಿನವಾಗಿದ್ದರೆ ಅವಳ ದನಿ ಹಳ್ಳದಾಚೆಗೂ ಕೇಳುತ್ತಿತ್ತು. ಅವತ್ತು ಗಂಟಲಿನಿಂದ ಒಂದು ಗೊರಗೊರ ಸದ್ದು ಮಾತ್ರ ಬಂತು. ಅವಳ ನಾಯಿ ಓಸೊ ಬೆದರಿ ಒಲೆಯ ಹಿಂದೆ ಹೋಗಿ ಮಲಗಿತು. ಅವಳು ಟೋಪಿ ಸರಿಮಾಡಿಕೊಂಡು, ಕತ್ತರಿಸಿದ ಒಂದು ಕೊಂಬೆಯನ್ನು ಕೈಯಲ್ಲಿ ಹಿಡಿದು, ನೇರ ರೈತ ಸಂಘದ ಮುಖಂಡ ಫೋರ್ತುನಾತೊ ಮನೆಗೆ ನಡೆದಳು.

ಭಾನುವಾರ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಬಸೀಲಿಯಾ ಕೊಂಬೆಯನ್ನು ಮೇಜಿನ ಮೇಲೆ ಇಟ್ಟಳು.

"ಕೊಂದ," ಎಂದಳು. ಊದಿದ ಬಾಯಿಂದ ಅದು 'ಗೊಂಧ' ಎಂದು ಕೇಳಿಸಿತು. ಹೆಂಗಸರು ಶಾಲಿನ ಮರೆಯಲ್ಲಿ ನಕ್ಕರು.

"ಕೊಂದಿಲ್ಲ, ಸವರಿದೀನಿ," ಎಂದ ಕಸಿಯಾನೊ. "ಐದು ವರ್ಷದಿಂದ ಕತ್ತರಿ ಕಂಡಿಲ್ಲ ಆ ಗಿಡ. ಬರೀ ಮೇಲೆ ಮೇಲೆ ಓಡ್ತಾ ಇತ್ತು. ಕಾಯಿ ನೋಡಿದೀರಾ ನೀವು? ಆಡಿನ ಹಿಕ್ಕೆ ಹಾಗಾಗಿತ್ತು. ಈಗ ಚಳಿ ಇಳೀತಾ ಇದೆ, ಇದೇ ಸರಿಯಾದ ಕಾಲ. ಬುಡದಿಂದ ಹೊಸ ಚಿಗುರು ಬರುತ್ತೆ."

"ಅದೆಲ್ಲ ಇರಲಿ ಮಾರಾಯ. ಗಿಡ ಯಾರದ್ದು?" ಎಂದ ಫೋರ್ತುನಾತೊ.

"ಅಮ್ಮಂದು."

"ಅಮ್ಮ ಯಾರಿಗೆ ಬಿಟ್ಟಳು?"

ಕಸಿಯಾನೊ ಮೇಜಿನ ಮೇಲಿನ ಕೊಂಬೆಯನ್ನು ತನ್ನ ಕಡೆ ಎಳೆದುಕೊಂಡ.

"ನಿನ್ನ ಮೀಸೆ ನಾನು ಬಂದು ಬೋಳಿಸಿ, ಹೊಸದು ಚೆನ್ನಾಗಿ ಬರುತ್ತೆ ಕಣಪ್ಪ ಅಂದ್ರೆ ಸುಮ್ನಿರ್ತೀಯಾ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಈ ಸಲ ಎಲ್ಲರೂ ಜೋರಾಗಿಯೇ ನಕ್ಕರು. ಬಸೀಲಿಯಾ ನಗಲಿಲ್ಲ. ನಗಲು ಅವಳ ಬಾಯಿಯೂ ಬಿಡುತ್ತಿರಲಿಲ್ಲ.

ಸಭೆ ಕೊನೆಗೆ ಹೀಗೆ ತೀರ್ಮಾನ ಮಾಡಿತು: ಗಿಡ ಮತ್ತೆ ಕಾಯಿ ಬಿಡುವವರೆಗೆ ಅದರ ಆರೈಕೆ ಕಸಿಯಾನೊನದು. ದಿನಾ ಬೆಳಿಗ್ಗೆ ಬರಬೇಕು, ಕೆಲಸ ಮುಗಿಸಿ ಹೋಗಬೇಕು. ಗಿಡ ಸತ್ತರೆ ಮುಂದಿನ ಒಣಗಾಲದಲ್ಲಿ ಕಾಲುವೆ ನೀರಿನ ಅವನ ಸರದಿ ಬಸೀಲಿಯಾಗೆ ಸೇರಬೇಕು. ಎಲ್ಲ ಸತ್ತರೆ ಎಲ್ಲ ಸರದಿ, ಕೆಲವು ಸತ್ತರೆ ಸಭೆಗೆ ತೋಚಿದಷ್ಟು. ಇಬ್ಬರಿಗೂ ಇದು ಹಿಡಿಸಲಿಲ್ಲ. ಅವನು ಬರುವುದು ಬೇಡ ಎಂದು ಅವಳು ಕೈ ಅಲ್ಲಾಡಿಸಿದಳು. ಆದರೆ ಸಭೆ ಅದಾಗಲೇ ಶಾಲೆಯ ಚಾವಣಿಯ ವಿಷಯಕ್ಕೆ ಹೋಗಿತ್ತು.

ಮರುದಿನದಿಂದ ಕಸಿಯಾನೊ ಬಂದ. ಬೂದಿ, ಜೇಡಿಮಣ್ಣು ಕಲಸಿ ಕೊಯ್ದ ಬಾಯಿಗಳಿಗೆ ಮೆತ್ತಿದ. ಬುಡ ಕೆದಕಿ ಕುರಿಗೊಬ್ಬರ ಹಾಕಿದ. ನೀರನ್ನು ತಾಮ್ರದ ತಂಬಿಗೆಯಲ್ಲಿ ಅಳೆದಂತೆ ಸ್ವಲ್ಪ ಸ್ವಲ್ಪವೇ ಹಾಕುತ್ತಿದ್ದ, ಎಲೆ ಇಲ್ಲದ ಗಿಡ ಹೆಚ್ಚು ಕುಡಿಯುವುದಿಲ್ಲವಲ್ಲ. ಬಸೀಲಿಯಾ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಆಲೂಗಡ್ಡೆ ಸುಲಿಯುತ್ತ, ಅವನ ಪ್ರತಿ ಚಲನೆಯನ್ನೂ ಕಾಯುತ್ತಿದ್ದಳು. ಅಷ್ಟರಲ್ಲಿ ಅವಳ ಕೆನ್ನೆ ಇಳಿದು ನಾಲಿಗೆ ಮೊದಲಿನಂತಾಗಿತ್ತು. ಆದರೆ ಅಣ್ಣನ ಜೊತೆ ಮಾತಿಲ್ಲವಲ್ಲ, ಹಾಗಾಗಿ ಹೇಳುವುದನ್ನೆಲ್ಲ ನಾಯಿಗೆ ಹೇಳುತ್ತಿದ್ದಳು.

"ನೋಡೋ ಓಸೊ, ದೊಡ್ಡ ಮನುಷ್ಯರು ಬಂದ್ರು. ಕಾಲು ಒರೆಸಿಕೊಂಡು ಬಾ ಅಂತ ಹೇಳು."

ಕಸಿಯಾನೊನೂ ನಾಯಿಗೇ ಉತ್ತರಿಸುತ್ತಿದ್ದ. "ಹಿತ್ತಿಲಿಗೆ ಬರೋಕೆ ಯಾರಾದ್ರೂ ಕಾಲು ಒರೆಸ್ತಾರೇನೋ ಓಸೊ? ನೀನು ಒರೆಸ್ತೀಯಾ?"

ಊಟದ ಮನೆಗೆ ಅವಳು ಈಗ ಸಂತೆಯ ಲೊಕೋಟೊ ತರುತ್ತಿದ್ದಳು. ಇದೇನು ಚಟ್ನಿ ನೀರಾಗಿದೆಯಲ್ಲ ಎಂದು ಯಾವ ಲಾರಿಯವನು ಕೇಳಿದರೂ ಅವಳದು ಒಂದೇ ಉತ್ತರ: "ಹೋಗಿ ನಮ್ಮಣ್ಣನ್ನ ಕೇಳಿ. ಮೇಲಿನ ಹೊಲದಲ್ಲಿದಾನೆ." ಕೆಲವರು ನಿಜವಾಗಿಯೂ ಹೊಲದ ಹತ್ತಿರ ಲಾರಿ ನಿಲ್ಲಿಸಿ, ಹಾರ್ನ್ ಬಾರಿಸಿ, ಕೇಳಿಯೇ ಹೋಗುತ್ತಿದ್ದರು.

ಆಗಸ್ಟ್ ಮುಗಿಯುವ ಹೊತ್ತಿಗೆ ಮೋಟು ಕೊಂಬೆಗಳ ಗೆಣ್ಣುಗಳಲ್ಲಿ ಹಸಿರು ಚುಕ್ಕೆ ಕಾಣಿಸಿತು. ಒಂದು ವಾರದಲ್ಲಿ ಅವು ಬೆರಳುದ್ದದ ಕುಡಿಗಳಾದವು, ಒಂದೊಂದು ಕೊಂಬೆಗೂ ಗೊಂಚಲು ಗೊಂಚಲು. ಬಸೀಲಿಯಾ ಎದ್ದು ಬಂದು ಬಗ್ಗಿ ನೋಡಿ ಹೋದಳು. ಮರುದಿನ ಕಸಿಯಾನೊ ಆ ಕುಡಿಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಚಿವುಟಿ ಹಾಕತೊಡಗಿದ.

"ಓಸೊ! ಬಂದಿರೋ ನಾಲ್ಕು ಚಿಗುರನ್ನೂ ಕಿತ್ತಾಕ್ತಿದಾನಲ್ಲೋ ಈ ಮಹಾನುಭಾವ!"

"ಓಸೊ, ಅವಳಿಗೆ ಹೇಳು, ಎಲ್ಲಾ ಬಿಟ್ರೆ ಗಿಡ ಆಗಲ್ಲ, ಪೊರಕೆ ಆಗುತ್ತೆ. ಕೊಂಬೆಗೆ ಎರಡು ಸಾಕು. ಅದೂ ಹೊರಗಡೆ ಮುಖ ಮಾಡಿರೋವು. ನಡುವೆ ಗಾಳಿ ಬೆಳಕು ಆಡಬೇಕು."

"ಅಮ್ಮ ಹೀಗೆ ಮಾಡ್ತಿರಲಿಲ್ಲ ಅಂತ ಹೇಳೋ."

"ಅಮ್ಮ ಹೀಗೇ ಮಾಡ್ತಿದ್ಲು. ಇವಳು ಆಗ ಅಡುಗೆಮನೆಯಿಂದ ಹೊರಗೆ ಬರ್ತಿರಲಿಲ್ಲ ಅಷ್ಟೆ."

ಅವಳು ಸುಲಿಯುತ್ತಿದ್ದ ಆಲೂಗಡ್ಡೆಯನ್ನು ಅವನ ಬೆನ್ನಿಗೆ ಎಸೆದಳು. ತಾಗಿತು. ಅವನು ಅದನ್ನು ಎತ್ತಿ, ಒರೆಸಿ, ಗೋಡೆಯ ಮೇಲಿಟ್ಟು ಕೆಲಸ ಮುಂದುವರಿಸಿದ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಮೋಡ ಬರಲೇ ಇಲ್ಲ. ಗಾಳಿ ನಿಂತುಹೋಯಿತು. ಆಕಾಶ ತೊಳೆದ ಪಾತ್ರೆಯಂತೆ ಹೊಳೆಯುತ್ತಿತ್ತು. ಅಂಥ ಸಂಜೆಯ ಮರುಬೆಳಿಗ್ಗೆ ಬಿಳಿಮಂಜು ಬೀಳುತ್ತದೆಂದು ನಮಗೆಲ್ಲ ಗೊತ್ತು. ನಾನು ನನ್ನ ಅವರೆ ಮಡಿಗೆ ಹುಲ್ಲು ಹರಡುತ್ತಿದ್ದಾಗ ಕಸಿಯಾನೊ ಮೇಲಿನ ಹೊಲದಿಂದ ಬಿರುಸಾಗಿ ಇಳಿದು ಬಂದ. ಅದು ಅವನು ಬರುವ ಹೊತ್ತಲ್ಲ. ಬೆನ್ನ ಮೇಲೆ ಗೋಣಿಚೀಲಗಳ ಹೊರೆ. ಹಿತ್ತಿಲಿಗೆ ಹೊಕ್ಕವನೇ ಗಿಡಗಳ ಸುತ್ತ ಕೋಲು ನೆಟ್ಟು ಗೋಣಿ ಕಟ್ಟತೊಡಗಿದ. ಚೀಲ ಸಾಲಲಿಲ್ಲ.

ಅಡುಗೆಮನೆಯ ಬಾಗಿಲಿಗೆ ತಿರುಗಿ, "ಕಂಬಳಿ ಕೊಡು," ಎಂದ. ನಾಯಿ ಅಲ್ಲಿರಲಿಲ್ಲ.

ಬಸೀಲಿಯಾ ಕ್ಷಣ ಹೊತ್ತು ಅವನನ್ನು ನೋಡಿದಳು. "ಯಾವುದು?"

"ಯಾವುದಾದ್ರೂ. ಬೇಗ ಕೊಡೇ, ಕತ್ತಲಾಗ್ತಾ ಇದೆ."

ಒಳಗೆ ಹೋದವಳು ತಾಯಿಯ ಹಾಸಿಗೆಯ ಮೇಲಿನ ದಪ್ಪ ಉಣ್ಣೆ ಕಂಬಳಿ ಎರಡನ್ನೂ ತಂದಳು. ಕಸಿಯಾನೊ ಗುರುತು ಹಿಡಿದ. ಬೇರೆ ಇಲ್ಲವಾ ಎಂದು ಕೇಳಲು ಬಾಯಿ ತೆರೆದ.

"ಇದೇ ಬೆಚ್ಚಗಿರೋದು. ಕಟ್ಟು," ಎಂದಳು. ಒಂದು ಅಂಚನ್ನು ಅವನು ಹಿಡಿದ, ಇನ್ನೊಂದನ್ನು ಅವಳು.

ಬೆಳಿಗ್ಗೆ ಇಡೀ ಕಣಿವೆ ಸುಣ್ಣ ಬಳಿದಂತೆ ಬೆಳ್ಳಗಿತ್ತು. ನನ್ನ ಅವರೆ ಅರ್ಧ ಕರಕಾಯಿತು. ಬಸೀಲಿಯಾಳ ಹಿತ್ತಿಲಲ್ಲಿ, ಗೋಣಿ ಸಾಲದೆ ಬದಿ ತೆರೆದಿದ್ದ ಕೊನೆಯ ಗಿಡದ ತುದಿಗಳು ಮಾತ್ರ ಸುಟ್ಟು ಜೋತುಬಿದ್ದಿದ್ದವು. ಕಸಿಯಾನೊ ಸುಟ್ಟಷ್ಟನ್ನು ಕೂಡಲೇ ಕತ್ತರಿಸಲಿಲ್ಲ. ಒಳಗಿನ ಕಟ್ಟಿಗೆ ಎಲ್ಲಿಯವರೆಗೆ ಜೀವ ಹಿಡಿದಿದೆ ಎಂದು ಕಾಣುವವರೆಗೆ ಬಿಡಬೇಕು ಎಂದ. ಈ ಸಲ ನಾಯಿಗಲ್ಲ, ಅವಳಿಗೇ ಹೇಳಿದ. ಅವಳು ಹೂಂ ಎಂದಳು.

ನವೆಂಬರಿನ ಸತ್ತವರ ಹಬ್ಬದ ಹೊತ್ತಿಗೆ ಗಿಡಗಳು ಸೊಂಟದೆತ್ತರಕ್ಕೆ ಬಂದು ನೇರಳೆ ಹೂ ಬಿಟ್ಟವು. ಏಳು ಗಿಡ ಮಾತ್ರ. ಬಾಗಿಲ ಬಳಿಯ ಎರಡು ಗಿಡಗಳಲ್ಲಿ ಒಂದು ಕುಡಿಯೂ ಬಂದಿರಲಿಲ್ಲ. ಹಬ್ಬದ ಮರುದಿನ ಬಸೀಲಿಯಾ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಮೆತ್ತಿದ್ದ ಒಣಮಣ್ಣನ್ನು ಉಗುರಿನಿಂದ ಕೆರೆದು, ಸಿಪ್ಪೆ ಸುಲಿದು ನೋಡುತ್ತಿದ್ದಳು. ಕಸಿಯಾನೊ ನೀರಿನ ಕೊಡ ಹಿಡಿದು ಒಳಗೆ ಬಂದ. ಗೋಡೆಯಾಚೆ ನಾನಿದ್ದೇನೆಂದು ಇಬ್ಬರಿಗೂ ಗೊತ್ತಿತ್ತು. ನಾನು ಅಲ್ಲಿಂದ ಏಳಲಿಲ್ಲ.

"ಈ ಎರಡನ್ನ ನೀನು ಸವರಿಲ್ಲ," ಎಂದಳು. "ಕಡಿದಿದೀಯ."

ಅವನು ಕೊಡ ಇಳಿಸಿದ ಸದ್ದಾಯಿತು.

"ಬೇರೆಯದರಲ್ಲಿ ಕವಲಿನ ಮೇಲೆ ಓರೆಯಾಗಿ ಕತ್ತರಿಸಿದೀಯ, ಗೆಣ್ಣು ನೋಡ್ಕೊಂಡು. ಇಷ್ಟು ದಿನ ಕೂತು ನೋಡಿದೀನಿ, ನನಗೂ ಗೊತ್ತಾಗುತ್ತೆ ಈಗ. ಇಲ್ಲಿ ಕವಲೇ ಇಲ್ಲ. ಬೊಡ್ಡೆ ಸೀಳಿದೆ. ಯಾವುದರಲ್ಲಿ ಕಡಿದೆ?"

"ಮಚ್ಚಿನಲ್ಲಿ."

"ಯಾಕೆ?"

"ಒಳಗೆ ಬಂದಾಗ ಮೊದಲು ಸಿಕ್ಕಿದ್ದು ಇವೆರಡು. ಸವರೋಕೆ ಅಂತ ಬಂದಿರಲಿಲ್ಲ ನಾನು. ಎಲ್ಲಾನೂ ಕಡಿದು ಹಾಕೋಣ ಅಂತಾನೇ ಬಂದೆ. ಎರಡು ಕಡಿದ ಮೇಲೆ ಮೂರನೇದರ ಹತ್ರ ನಿಂತ್ಕೊಂಡೆ. ಅದರ ಕವಲು ಅಮ್ಮ ಮಾಡಿದ್ದು, ಹಗ್ಗ ಕಟ್ಟಿ ಅಗಲಿಸಿದ್ಲು, ಹಗ್ಗದ ಗುರುತು ಇನ್ನೂ ಇತ್ತು. ಮಚ್ಚು ಎತ್ತೋಕೆ ಆಗಲಿಲ್ಲ. ಮನೆಗೆ ಹೋಗಿ ಕತ್ತರಿ ತಗೊಂಡು ಬಂದೆ."

"ಅವತ್ತೇ ಏನು ಬಂತು ನಿನಗೆ? ಐದು ವರ್ಷ ಸುಮ್ನಿದ್ದವನು."

"ಬೆಳಿಗ್ಗೆ ಲಾರಿಯವನೊಬ್ಬ ಹೊಲದ ಹತ್ರ ನಿಲ್ಲಿಸಿ ಹೇಳಿದ, ನಿಮ್ಮ ತಂಗಿ ಹಲ್ಲು ಕೀಳಿಸೋಕೆ ಪೇಟೆಗೆ ಹೋದ್ಲು, ಪಾಪ ತುಂಬಾ ನೋವಂತೆ ಅಂತ. ನಿನ್ನ ಹಲ್ಲಿನ ಸುದ್ದಿ ನನಗೆ ಮುಟ್ಟುತ್ತೆ ಬಸೀ. ಅಮ್ಮ ಸತ್ತ ಸುದ್ದಿ ಮುಟ್ಟಲಿಲ್ಲ."



"ಲಾರಿ ಓಡಿಸ್ತಿದ್ದ ಎಲೆಉತೇರಿಯೊ ಹತ್ರ ಹೇಳಿ ಕಳಿಸಿದ್ದೆ," ಎಂದಳು ಬಸೀಲಿಯಾ. "ನಿಮ್ಮ ತೋಟದ ದಾರೀಲೇ ಹಾದು ಹೋಗ್ತಿದ್ದ. ಹೇಳ್ತೀನಿ ಅಂದಿದ್ದ."

"ಅವನು ಬರಲಿಲ್ಲ."

"ಬಂದನೋ ಇಲ್ವೋ ನಾನು ವಿಚಾರಿಸಲಿಲ್ಲ. ನೀನು ಬರ್ಲಿಲ್ಲ ಅಂತ ಸಿಟ್ಟು ಮಾಡ್ಕೊಂಡು ಕೂತೆ."

"ಇನ್ನೊಬ್ಬರ ಹತ್ರ ಹೇಳಿ ಕಳಿಸಬಹುದಿತ್ತು."

"ಹೂಂ. ಕಳಿಸಬೇಕಿತ್ತು."

ಅದಾದ ಮೇಲೆ ಅವರು ಆ ವಿಷಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಎಲೆಉತೇರಿಯೊ ಲಾರಿ ಮಾರಿ ಗಡಿಯಾಚೆ ಎಲ್ಲಿಗೋ ಹೋಗಿದ್ದ. ಕೇಳಲು ಯಾರೂ ಇರಲಿಲ್ಲ. ಕಸಿಯಾನೊ ದಿನಾ ಬರುತ್ತಿದ್ದ, ಕೆಲಸ ಮಾಡುತ್ತಿದ್ದ. ಕೆಲವು ದಿನ ಅವಳು ಒಂದು ಬಟ್ಟಲು ಸಾರು ಗೋಡೆಯ ಮೇಲಿಡುತ್ತಿದ್ದಳು. ಕೆಲವು ದಿನ ಇಡುತ್ತಿರಲಿಲ್ಲ.

ಫೆಬ್ರವರಿಯ ಕಾರ್ನಿವಲ್ ಹೊತ್ತಿಗೆ ಗಿಡದಲ್ಲಿ ಹಸಿರು ಕಾಯಿ ಜೋತವು. ಈಸ್ಟರ್ ಕಳೆಯುವಷ್ಟರಲ್ಲಿ ಕೆಂಪಾದವು. ಒಂದೊಂದು ಕಾಯಿ ಅಂಗೈ ತುಂಬುವಂತಿತ್ತು. ಭಾರಕ್ಕೆ ಕೊಂಬೆ ಸೀಳದಂತೆ ಕಸಿಯಾನೊ ಕವೆಕೋಲು ಆನಿಸಿದ. ಮೊದಲ ಕಾಯಿಯ ಚಟ್ನಿ ತಿಂದ ಲಾರಿಯವನು ಕಣ್ಣೀರು ಒರೆಸಿಕೊಳ್ಳುತ್ತ ಇನ್ನೊಂದು ಬಟ್ಟಲು ಕೇಳಿದ.

ಸಭೆ ಸೇರಿತು. ಫೋರ್ತುನಾತೊ ಕೇಳಿದ: "ಹೇಳು ಬಸೀಲಿಯಾ. ಗಿಡ ಎಲ್ಲಾ ಬದುಕಿದಾವಾ?"

"ಎರಡು ಹೋದವು," ಎಂದಳು ಅವಳು ಎದ್ದು ನಿಂತು. "ಸೆಪ್ಟೆಂಬರ್ ಮಂಜಿಗೆ. ಮಂಜಿಗೆ ಯಾರು ಏನು ಮಾಡೋಕಾಗುತ್ತೆ. ಅವನ ತಪ್ಪಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಬಾಗಿಲ ಬಳಿಯ ಮೂಲೆಗೆ ಮಂಜು ಬೀಳುವುದಿಲ್ಲ, ಅಲ್ಲಿ ಗೋಡೆ ಎರಡು ಕಡೆ ಇದೆ ಎಂದು ಅವಳ ಹಿತ್ತಿಲು ಕಂಡವರಿಗೆಲ್ಲ ಗೊತ್ತು. ಆದರೂ ಯಾರೂ ಮಾತಾಡಲಿಲ್ಲ. ಫೋರ್ತುನಾತೊ, "ಹಾಗಾದ್ರೆ ಮುಗೀತು," ಎಂದು ಹೇಳುತ್ತಿದ್ದ.

ಅಷ್ಟರಲ್ಲಿ ಕಸಿಯಾನೊ ಎದ್ದ. "ಮಂಜಲ್ಲ," ಎಂದ. "ಆ ಎರಡನ್ನ ನಾನೇ ಮಚ್ಚಿನಲ್ಲಿ ಕಡಿದಿದ್ದು. ಕೊಲ್ಲೋಕೆ ಅಂತಾನೇ ಕಡಿದೆ."

"ಕೂತ್ಕೊಳೋ ಸುಮ್ನೆ!" ಎಂದಳು ಬಸೀಲಿಯಾ.

"ಯಾಕೆ ಕೂತ್ಕೊಳ್ಳಲಿ? ಅವತ್ತು ಇಲ್ಲೇ ನಿಂತು ಸುಳ್ಳು ಹೇಳಿದ್ದು ನಾನು."

"ನಾನು ಬಿಟ್ಟುಕೊಟ್ಟಾಗ ತಗೊಳೋಕೂ ಬರಲ್ವಾ ನಿನಗೆ? ಕತ್ತೆ!"

"ನೀನು ಬಿಟ್ಟುಕೊಟ್ಟಿದ್ರಲ್ಲಿ ಬಾಳಬೇಕಾ ನಾನು?"

ನಮ್ಮೂರಿನವರಿಗೆ ಅವತ್ತು ಒಂದು ಸಮಾಧಾನವಾಯಿತು. ಅಣ್ಣತಂಗಿ ಮೊದಲಿನಂತೆ ಜಗಳವಾಡುತ್ತಿದ್ದರು. ಅವರು ಮುಗಿಸುವವರೆಗೆ ಕಾದು, ಫೋರ್ತುನಾತೊ ಹಿಂದಿನ ಸಭೆಯ ಮಾತಿನಂತೆ ತೀರ್ಪು ಕೊಟ್ಟ. ಒಣಗಾಲದಲ್ಲಿ ಒಂದು ಸಲ ಬಿಟ್ಟು ಒಂದು ಸಲ ಕಸಿಯಾನೊನ ನೀರಿನ ಸರದಿ ಬಸೀಲಿಯಾಗೆ.

ಅವಳು ಆ ನೀರನ್ನು ಬಿಟ್ಟುಕೊಡುತ್ತಾಳೆಂದು ಕೆಲವರು ಅಂದುಕೊಂಡಿದ್ದರು. ಬಿಟ್ಟುಕೊಡಲಿಲ್ಲ. ಸರದಿಯ ದಿನ ತಾನೇ ಗುದ್ದಲಿ ಹಿಡಿದು ಹೋಗಿ ಕಾಲುವೆ ತಿರುಗಿಸಿಕೊಂಡಳು. ಕಸಿಯಾನೊನ ಹೊಲದ ಮೇಲಂಚಿನ ಅವರೆ ಒಣಗಿತು. ಶಿಕ್ಷೆ ಮುಗಿದದ್ದರಿಂದ ಅವನು ಹಿತ್ತಿಲಿಗೆ ಬರುವುದೂ ನಿಂತಿತು. ಬಾಗಿಲ ಬಳಿಯ ಎರಡು ಬೊಡ್ಡೆಗಳನ್ನು ಬಸೀಲಿಯಾ ಅಗೆದು ತೆಗೆದು ಒಲೆಗೆ ಹಾಕಿದಳು. ಆ ಜಾಗದಲ್ಲಿ ಕಿರ್ಕಿನ್ಯಾ ಸೊಪ್ಪು ಬಿತ್ತಿದಳು, ಚಟ್ನಿಗೆ ಅದೂ ಬೇಕಲ್ಲ.

ಆಗಸ್ಟ್ ಮತ್ತೆ ಬಂತು. ಒಂದು ಬೆಳಿಗ್ಗೆ ಅವಳು ಸಂತೆಯಿಂದ ಹೊಸ ಕತ್ತರಿ ತಂದು, ಸ್ಟೂಲು ಎಳೆದುಕೊಂಡು, ಗಿಡಗಳ ಮುಂದೆ ನಿಂತಳು. ಒಂದು ಗಿಡ ಸವರಿ ಮುಗಿಸುವಷ್ಟರಲ್ಲಿ ಕಸಿಯಾನೊ ಆಲೂಗಡ್ಡೆ ಮೂಟೆ ಹೊತ್ತು ರಸ್ತೆಯಲ್ಲಿ ಹೋಗುತ್ತಿದ್ದವನು ಗೋಡೆಯ ಹತ್ತಿರ ನಿಂತ. ಮೂಟೆ ಗೋಡೆಗೆ ಆನಿಸಿ ನೋಡಿದ.

"ಬಾಯಿ ಮುಚ್ಕೊಂಡಿರು," ಎಂದಳು ಅವಳು ತಿರುಗದೆ.

"ನಾನೇನು ಅಂದೆ?"

"ಅನ್ನೋಕೆ ಮುಂಚೇನೇ ಹೇಳ್ತಿದೀನಿ."

ಅವಳು ಎರಡನೇ ಗಿಡಕ್ಕೆ ಹೋದಳು. ಒಳಗೆ ತಿರುಗಿ ಬೆಳೆದಿದ್ದ ಒಂದು ಕೊಂಬೆ ತೆಗೆದಳು. ಇನ್ನೊಂದರ ಮೇಲೆ ಕತ್ತರಿಯ ಬಾಯಿ ಇಟ್ಟು ತಡೆದಳು. ಅದು ದಪ್ಪ ಕೊಂಬೆ, ಹೋದ ವರ್ಷ ಅತಿ ಹೆಚ್ಚು ಕಾಯಿ ಬಿಟ್ಟದ್ದು. ಅವಳು ಕತ್ತರಿ ಸರಿಸಿ ಸ್ವಲ್ಪ ಮೇಲಿಟ್ಟಳು, ಮತ್ತೆ ಕೆಳಗಿಟ್ಟಳು.

"ಎಲ್ಲಿ?" ಎಂದು ಕೇಳಿದಳು.

"ಇನ್ನೂ ಒಂದು ಗೆಣ್ಣು ಕೆಳಗೆ. ರಸ್ತೆ ಕಡೆ ಮುಖ ಮಾಡಿದೆ ನೋಡು, ಅದರ ಮೇಲೆ."

ಅವಳು ಕತ್ತರಿಸಿದಳು. ಅವನು ಮೂಟೆಯನ್ನು ಪೂರ್ತಿ ಕೆಳಗಿಳಿಸಿ ಗೋಡೆಯ ಮೇಲೆ ಮೊಣಕೈ ಊರಿದ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ, ಅವನೂ ಬಾಗಿಲ ಕಡೆ ಹೋಗಲಿಲ್ಲ. ಏಳು ಗಿಡ ಮುಗಿಯುವವರೆಗೂ ಅವನು ಅಲ್ಲೇ ನಿಂತಿದ್ದ. ನಡುವೆ ಅವಳು ಇನ್ನೆರಡು ಸಲ ಕೇಳಿದಳು. ಆಮೇಲೊಮ್ಮೆ ಅವಳು ಕೇಳದೆಯೇ ಅವನು ಹೇಳಹೋದ, ಬೈಸಿಕೊಂಡ. ಮಧ್ಯಾಹ್ನದ ಮೋಡ ಏರಿ ಬಂದಾಗ ಅವನು ಮೂಟೆ ಎತ್ತಿಕೊಂಡು ಸಂತೆಯ ಲಾರಿ ಹಿಡಿಯಲು ಹೋದ. ಅವಳು ಬೂದಿ ಕಲಸಲು ಒಳಗೆ ಹೋದಳು.